ಆರದ ದೀಪದ ಮೇಸ್ತ್ರಿ

“ಬುದ್ಧೀ, ಒಬ್ಬ ಕೆಲಸಗಾರನನ್ನು ಬದಲಾಯಿಸಲು ಅಪ್ಪಣೆ ಬೇಕು,” ಎಂದ ಶಿಷ್ಯ. ಮಠದ ಹೊಸ ದಾಸೋಹದ ಮನೆ ಕಟ್ಟಿಸುವ ಉಸ್ತುವಾರಿ ಅವನದು. “ಆಳುಗಳು ಹತ್ತಿ ನಿಲ್ಲಲು ಗೋಡೆಗೆ ಕಟ್ಟಿದ ಸಾರುವೆ ಮರಗಳನ್ನು ಪರೀಕ್ಷಿಸುವ ಮಾದಯ್ಯ ದಿನಬೆಳಗಾದರೆ ಏನಾದರೊಂದು ತಪ್ಪು ಹುಡುಕುತ್ತಾನೆ. ಈ ಕಟ್ಟು ಸಡಿಲ, ಆ ಮರ ಹುಳುಕು ಎನ್ನುತ್ತಾನೆ, ಯಾರನ್ನೂ ಹತ್ತಲು ಬಿಡುವುದಿಲ್ಲ. ಇಂದೂ ಕೆಲಸ ನಿಂತಿದೆ. ಪಕ್ಕದ ಊರಿನಲ್ಲಿ ಇನ್ನೊಬ್ಬನಿದ್ದಾನೆ. ಅವನು ನೋಡಿದ ಸಾರುವೆಗಳಲ್ಲಿ ಇದುವರೆಗೆ ಒಂದು ದೋಷವೂ ಕಂಡಿಲ್ಲವಂತೆ. ಅಂಥವನನ್ನು ಇಟ್ಟುಕೊಳ್ಳುವುದು ಒಳ್ಳೆಯದಲ್ಲವೇ?”

“ಒಂದೂ ಇಲ್ಲವೇ? ಭಾಗ್ಯವಂತ,” ಎಂದು ಗುರುಗಳು ನಕ್ಕರು. “ಕೂತುಕೋ. ಕೆಲಸ ಹೇಗೂ ನಿಂತಿದೆಯಲ್ಲ.” ಆಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಾವಿಗಳ ಹೂಳೆತ್ತುವ ಒಬ್ಬ ಮೇಸ್ತ್ರಿ ಇದ್ದ. ಹಳೆಯ ಬಾವಿಗೆ ಇಳಿಯುವ ಮೊದಲು ಉರಿಯುವ ದೀಪವನ್ನು ಹಗ್ಗದಲ್ಲಿ ತಳದವರೆಗೆ ಇಳಿಬಿಡುವುದು ಅವನ ಅಜ್ಜನ ಕಾಲದ ಕಟ್ಟಳೆ. ತಳದಲ್ಲಿ ದೀಪ ಉರಿದರೆ ಆಳು ಇಳಿಯಬಹುದು. ಆರಿದರೆ ಅಲ್ಲಿ ಕೆಟ್ಟ ಗಾಳಿ ಇದೆ ಎಂದು ಅರ್ಥ. ಆಗ ಹೊಂಗೆ ಸೊಪ್ಪಿನ ಕಟ್ಟನ್ನು ಇಳಿಬಿಟ್ಟು, ಮೇಲೆ ಕೆಳಗೆ ಆಡಿಸಿ, ಮತ್ತೆ ದೀಪ ಬಿಡಬೇಕು. ಅದು ಉರಿಯುವವರೆಗೆ ಯಾರೂ ಇಳಿಯುವಂತಿಲ್ಲ.

ಆದರೆ ದೀಪ ಎಂದರೆ ನಮ್ಮ ಜನ ಸುಮ್ಮನಿರುತ್ತಾರೆಯೇ? ಕುಂಕುಮ ಇಟ್ಟರು, ಹೂ ಮುಡಿಸಿದರು, ಕೈಮುಗಿದರು. ಪೂಜೆಯ ದೀಪ ಆರಿದರೆ ಮನೆಗೆ ಅಪಶಕುನ. ಒಮ್ಮೆ ದೀಪ ಆರಿತೆಂದು ಒಬ್ಬ ಯಜಮಾನ ಮೇಸ್ತ್ರಿಯನ್ನು ಬೈದು ಅಟ್ಟಿ, ಬೇರೆಯವರನ್ನು ಕರೆಸಿಕೊಂಡ. ಮೇಸ್ತ್ರಿ ಅಂದೇ ಬುದ್ಧಿ ಕಲಿತ, ಕಲಿಯಬಾರದ ಬುದ್ಧಿ. ಅಂದಿನಿಂದ ಅವನು ದೀಪವನ್ನು ಬಾವಿಯ ಅರ್ಧಕ್ಕೆ ಮಾತ್ರ ಇಳಿಸತೊಡಗಿದ. ಅರ್ಧದಲ್ಲಿ ಯಾವ ದೀಪ ಆರುತ್ತದೆ? ಅವನ ಕೈಗುಣ ದೊಡ್ಡದು, ಅವನ ದೀಪ ಆರುವುದೇ ಇಲ್ಲ ಎಂದು ಊರೂರೇ ಹೊಗಳಿತು. ಅದೃಷ್ಟಕ್ಕೆ ಕೆಟ್ಟ ಗಾಳಿಯ ಬಾವಿ ಎದುರಾಗಲಿಲ್ಲ. ಬರುಬರುತ್ತಾ ಅವನೂ ಅದನ್ನು ನಂಬಿದ.

ಒಬ್ಬ ವ್ಯಾಪಾರಿಯ ಮನೆಯಲ್ಲಿ ಮಗಳ ಮದುವೆ ಗೊತ್ತಾಯಿತು. ಹಿತ್ತಲಲ್ಲಿ ವರ್ಷಗಳಿಂದ ಚಪ್ಪಡಿ ಮುಚ್ಚಿದ್ದ ಬಾವಿ ಇತ್ತು. ಅದರ ಹೂಳೆತ್ತಲು ಮೇಸ್ತ್ರಿಗೆ ಹೇಳಿಕಳಿಸಿದ. ಇಳಿಯಬೇಕಾದವನು ಮೇಸ್ತ್ರಿಯ ತಮ್ಮ. ಮದುವೆಯ ಮನೆ, ದೀಪವನ್ನು ಮುತ್ತೈದೆಯೇ ಬಿಡಲಿ ಎಂದಳು ವ್ಯಾಪಾರಿಯ ಹೆಂಡತಿ. ಹೂಳಿನ ಬುಟ್ಟಿ ಎಳೆಯಲು ಬಂದಿದ್ದ ತಮ್ಮನ ಹೆಂಡತಿಯ ಕೈಗೆ ಮೊದಲ ಸಲ ದೀಪದ ಹಗ್ಗ ಬಂತು.

ಅವಳು ಹಗ್ಗ ಬಿಡುತ್ತಾ ಹೋದಳು. “ಸಾಕು,” ಎಂದ ಮೇಸ್ತ್ರಿ. ದೀಪ ಚೆನ್ನಾಗಿ ಉರಿಯುತ್ತಿತ್ತು. ಎಲ್ಲರೂ ಕೈಮುಗಿದರು. ಅವಳ ಗಂಡ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಅವಳು ತನ್ನ ಕಾಲ ಬಳಿ ನೋಡಿದಳು. ದೀಪದ ಹಗ್ಗ ಇನ್ನೂ ಸುರುಳಿ ಸುರುಳಿಯಾಗಿ ಬಿದ್ದಿತ್ತು. ದೀಪ ತಳ ಮುಟ್ಟಿಯೇ ಇರಲಿಲ್ಲ. ಯಾರನ್ನೂ ಕೇಳದೆ ಉಳಿದ ಹಗ್ಗವನ್ನೂ ಬಿಟ್ಟಳು. ದೀಪ ಆರಿತು.

“ಮದುವೆ ಮನೇಲಿ ದೀಪ ಆರಿಸಿಬಿಟ್ಟಳಲ್ಲಯ್ಯ!” ಎಂದು ವ್ಯಾಪಾರಿ ಕೂಗಾಡಿದ. “ಇನ್ನೊಂದ್ಸಲ ಹಚ್ಚು. ನಿಮ್ಮ ಭಾವ ಹೇಳಿದಷ್ಟೇ ಬಿಡು.”

“ಆರಿದ್ದು ದೀಪ, ಸ್ವಾಮಿ. ನನ್ ಗಂಡ ಇನ್ನೂ ಮೇಲವ್ನೆ,” ಎಂದು ಅವಳು ಬಾವಿಯ ಕಟ್ಟೆಗೆ ಅಡ್ಡ ನಿಂತಳು. ವ್ಯಾಪಾರಿ ಗದರಿಸಿದ, ಅವನ ಹೆಂಡತಿ ಅತ್ತಳು, ಇವಳು ಜಗ್ಗಲಿಲ್ಲ.

ಮೇಸ್ತ್ರಿಗೆ ಮೈಯೆಲ್ಲ ಉರಿಯಿತು. ಇಷ್ಟು ವರ್ಷ ಗಳಿಸಿದ ಹೆಸರು ನಾಲ್ಕು ಜನರ ಮುಂದೆ ಹೋಗಿತ್ತು. ತಮ್ಮನ ಸೊಂಟದ ಹಗ್ಗ ಬಿಚ್ಚಿ ತಾನೇ ಕಟ್ಟಿಕೊಂಡು, ಅವಳನ್ನು ಪಕ್ಕಕ್ಕೆ ಸರಿಸಿ, ಬೇಡವೆಂದರೂ ಕೇಳದೆ ಇಳಿದ. ಅರ್ಧದವರೆಗೆ ಅವನ ಬೈಗುಳ ಕೇಳಿಸುತ್ತಿತ್ತು. ಆಮೇಲೆ ಏನೂ ಕೇಳಿಸಲಿಲ್ಲ. “ಎಳೀರಿ!” ಎಂದು ಅವಳೇ ಮೊದಲು ಹಗ್ಗಕ್ಕೆ ಕೈಹಾಕಿದಳು.

ಮೇಲೆ ಬಂದವನು ಬಹಳ ಹೊತ್ತಿನ ನಂತರ ಕಣ್ಣು ಬಿಟ್ಟ. ಬದುಕಿದ. ಆದರೆ ಬಾವಿಗೆ ಇಳಿಯುವ ಕಸುವು ಅವನಿಗೆ ಮತ್ತೆ ಬರಲಿಲ್ಲ. ಅವಳು ಅಂದೆಲ್ಲ ಹೊಂಗೆ ಸೊಪ್ಪು ಆಡಿಸಿದಳು. ಮರುದಿನ ದೀಪ ತಳ ಮುಟ್ಟಿ ಉರಿದ ಮೇಲೆಯೇ ಗಂಡನನ್ನು ಇಳಿಸಿದಳು.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

“ಮೇಸ್ತ್ರಿಯದು ತಪ್ಪೇ. ಆದರೂ ಕೊನೆಗೆ ತಾನೇ ಇಳಿದನಲ್ಲ, ಬುದ್ಧೀ,” ಎಂದ ಶಿಷ್ಯ.

“ಇಳಿದ. ಮಾದಯ್ಯ ಬೇಡವೆಂದ ಸಾರುವೆಯ ಮೇಲೆ ನಾಳೆ ನೀನು ಯಾರನ್ನು ಹತ್ತಿಸುತ್ತೀಯೆ, ಹೆಸರು ಹೇಳು.”

ಶಿಷ್ಯ ಎದ್ದು, ಯಾವ ಮರ ಬದಲಾಯಿಸಬೇಕೆಂದು ಕೇಳಲು ಮಾದಯ್ಯನ ಬಳಿಗೆ ಹೋದ.