ಬೆಟ್ಟ ನೀರಿಗೆ ಬಂದ ಸಂಜೆ

ನದಿಯ ದಂಡೆಯ ಮೇಲೆ ಬೋಧಯ್ಯ ಗುರುಗಳ ಆಶ್ರಮ. ಅಲ್ಲಿನ ಶಿಷ್ಯರು ಕಲಿಯುತ್ತಿದ್ದುದು ಟೀಕೆ ಬರೆಯುವುದನ್ನು. ಹಿರಿಯರ ಒಂದು ಪದ್ಯ ತೆಗೆದುಕೊಂಡು, ಅದರ ಪದ ಬಿಡಿಸಿ, ಅರ್ಥ ಹೇಳಿ, ಯಾರಾದರೂ ಎತ್ತಬಹುದಾದ ಸಂದೇಹವನ್ನು ತಾವೇ ಎತ್ತಿ, ತಾವೇ ಪರಿಹರಿಸಬೇಕು.

ಈ ಕೆಲಸದಲ್ಲಿ ಕೇದಾರ ಎಲ್ಲರಿಗಿಂತ ಮುಂದು. ಒಂದು ಸಾಲಿನ ಪದ್ಯಕ್ಕೆ ಒಂದು ಕಟ್ಟು ತಾಳೆಗರಿ ತುಂಬಿಸಬಲ್ಲ.

ಆಶ್ರಮದ ಅಡುಗೆಯ ತಿಪ್ಪವ್ವ ಊರಿಗೆ ಹೊರಟಿದ್ದಳು. ಒಲೆಯ ಹೊಗೆಗೆ ಕಣ್ಣು ಸೋತಿದ್ದವು. ಹುಣ್ಣಿಮೆಯ ದಿನದ ದೋಣಿಗೆ ಹೊಳೆ ದಾಟಿ ಮಗಳ ಮನೆ ಸೇರುತ್ತಾಳೆ, ಮತ್ತೆ ಬರುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು.

ಅವಳಿಗೆ ಏನಾದರೂ ಕೊಡಬೇಕೆಂದು ಕೇದಾರನಿಗೆ ಆಸೆ. ಇಷ್ಟು ವರ್ಷ ಅವಳ ಕೈಯ ಅನ್ನ ಉಂಡವನು. ಆದರೆ ಉಟ್ಟದ್ದು, ಒಗೆದು ಹಾಕಿದ್ದು ಬಿಟ್ಟರೆ ಅವನ ಹತ್ತಿರ ಬೇರೇನೂ ಇರಲಿಲ್ಲ.

ಅವಳಿಗೆ ಕಥೆಯ ಹುಚ್ಚು. ಸಾರು ಕದಡುತ್ತ, ಅಡುಗೆಮನೆಗೆ ಬಂದವರನ್ನೆಲ್ಲ “ಏನಾದ್ರೂ ಹೇಳ್ರೋ” ಎಂದು ಕೇಳುವವಳು. ಕೇದಾರ ಗುರುಗಳ ಮುಂದೆ ಹೋಗಿ ನಿಂತ.

“ಗುರುಗಳೇ, ತಿಪ್ಪವ್ವನಿಗೆ ಒಂದು ಕಥೆ ಬರೆದುಕೊಡಬೇಕು ಅಂತಿದ್ದೇನೆ.”

“ಬರೆ.”

“ಸ್ವಂತದ್ದು ಅಂತ ಈವರೆಗೆ ಏನೂ ಬರೆದವನಲ್ಲ. ತಪ್ಪಾದರೆ?”

“ತಪ್ಪಾಗುತ್ತದೆ.”

“ಎಲ್ಲಿಂದ ಶುರು ಮಾಡಲಿ?”

“ನಡೆಯಲಾರದ್ದು ಒಂದು ನಡೆಯಿತು ಅಂತ ಬರೆ. ಒಂದು ವಾಕ್ಯ. ಬರೆದು ತಾ.”

ಕೇದಾರ ಜಗಲಿಯ ಮೇಲೆ ಕುಳಿತ. ಹೊಳೆಯ ಆಚೆ ಬೆಟ್ಟ ಕಾಣುತ್ತಿತ್ತು. ಬಹಳ ಹೊತ್ತು ನೋಡಿದ. ಆಮೇಲೆ ಬರೆಯುವ ಕಬ್ಬಿಣದ ಕಂಟ ಎತ್ತಿಕೊಂಡು ಗರಿಯ ಮೇಲೆ ಗೀರಿದ.

ಒಂದು ಸಂಜೆ ಬೆಟ್ಟ ಎದ್ದು ನದಿಗೆ ನೀರು ಕುಡಿಯಲು ಬಂತು.

ಓದಿಕೊಂಡು ಹಿಗ್ಗಿದ. ಮರುಗಳಿಗೆಗೆ ಹೆದರಿಕೆ ಹತ್ತಿತು. ಇದನ್ನು ಯಾರು ನಂಬುತ್ತಾರೆ? ಬೆಟ್ಟಕ್ಕೆ ಕಾಲೆಲ್ಲಿಯದು ಎಂದು ಕೇಳಿದರೆ? ಕಲ್ಲಿಗೆ ಬಾಯಾರಿಕೆ ಯಾಕೆ ಎಂದರೆ?

ಕೇಳುವವರ ಬಾಯಿ ಮೊದಲೇ ಕಟ್ಟಬೇಕೆಂದು ಕೂತ. ಬೆಟ್ಟ ಹಿಂದೊಮ್ಮೆ ಋಷಿಯಾಗಿತ್ತು. ಶಾಪ ಕೊಟ್ಟವರು ಯಾರು, ಆ ಶಾಪದಲ್ಲಿ ಕಾಲಿಗೆ ಮಾತ್ರ ವಿನಾಯಿತಿ ಹೇಗೆ ಸಿಕ್ಕಿತು, ಅದು ಸಂಜೆಯೇ ಯಾಕೆ ಬಂತು, ಬೆಳಿಗ್ಗೆ ಬಂದಿದ್ದರೆ ಆಗುತ್ತಿದ್ದ ದೋಷವೇನು. ಒಂದನ್ನೂ ಬಿಡಲಿಲ್ಲ.

ಮರುದಿನ ಗರಿಗಳ ಕಟ್ಟನ್ನು ಗುರುಗಳ ಕೈಗಿತ್ತ. ಅವರು ಅದನ್ನು ಅಂಗೈಯಲ್ಲಿಟ್ಟು ತೂಗಿದರು.

“ನಾನು ಕೇಳಿದ್ದು ಒಂದು ವಾಕ್ಯ.”

“ಮೊದಲನೆಯದು ಅದೇ, ಗುರುಗಳೇ. ಉಳಿದದ್ದು ಅದು ಅರ್ಥವಾಗಲಿ ಅಂತ.”

“ಹೋಗಿ ಅವಳಿಗೆ ಓದು.”

ತಿಪ್ಪವ್ವ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತಿದ್ದಳು. ಕೇದಾರ ಮೊದಲ ವಾಕ್ಯ ಓದಿದ. ಅವಳ ಕೈ ನಿಂತಿತು.

“ಬೆಟ್ಟವೇ ಎದ್ದು ಬಂತಾ?”

“ಹೌದು ಅವ್ವ. ಹೇಗೆ ಅಂದರೆ,” ಎಂದು ಕೇದಾರ ಎರಡನೆಯ ಗರಿ ತಿರುವಿದ.

ಅವನು ಓದಿದ, ಇನ್ನೂ ಓದಿದ. ಅವಳ ಕೈ ಮತ್ತೆ ಅಕ್ಕಿಗೆ ಹೋಯಿತು. ಮೊರ ಖಾಲಿಯಾಗಿ ಇನ್ನೊಮ್ಮೆ ತುಂಬಿತು.

“ಅಲ್ಲೋ ತಮ್ಮಾ,” ಎಂದಳು ಕೊನೆಗೆ, “ಬೆಟ್ಟ ನೀರು ಕುಡೀತೋ ಇಲ್ವೋ?”

“ಇನ್ನೂ ನದಿಗೆ ಬಂದಿಲ್ಲ ಅವ್ವ. ಈಗ ಶಾಪದ ಕಾರಣ ಹೇಳುತ್ತಿದ್ದೇನೆ.”

“ಪಾಪ, ಅದಕ್ಕೆ ಬಾಯಾರಿದೆ. ನೀನು ದಾರೀಲಿ ಅಡ್ಡ ಹಾಕಿ ಮಾತಾಡಿಸ್ತಾ ನಿಂತಿದ್ದೀಯ.”

ಕೇದಾರ ತಲೆ ತಗ್ಗಿಸಿಕೊಂಡು ಗುರುಗಳ ಬಳಿ ಬಂದು ನಡೆದದ್ದನ್ನು ಹೇಳಿದ.

“ಅವಳ ಕೈ ಯಾವಾಗ ನಿಂತಿತು?” ಎಂದರು ಗುರುಗಳು.

“ಮೊದಲ ವಾಕ್ಯಕ್ಕೆ.”

“ಮತ್ತೆ ಯಾವಾಗ ಆಡಿತು?”

“ಎರಡನೆಯದಕ್ಕೆ.”

ಗುರುಗಳು ಕಟ್ಟಿನ ದಾರ ಬಿಚ್ಚಿದರು. ಮೊದಲ ಗರಿಯನ್ನು ಬೇರೆ ತೆಗೆದಿಟ್ಟು, ಉಳಿದವನ್ನು ಹಾಗೆಯೇ ಕಟ್ಟಿ ಅವನ ಮಡಿಲಿಗೆ ಹಾಕಿದರು.

“ಇವನ್ನು ನೀನು ಇಟ್ಟುಕೋ. ಇವು ನಿನ್ನ ಹೆದರಿಕೆಗೆ ಬೇಕಾದವು. ಅವಳಿಗೆ ಬೇಕಾದದ್ದು ಈ ಗರಿ.”

“ಬೆಟ್ಟಕ್ಕೆ ಕಾಲು ಬಂದ ಬಗೆ ಅವಳಿಗೆ ತಿಳಿಯುವುದು ಬೇಡವೇ?”

“ನಿನಗೆ ತಿಳಿದಿದೆಯಲ್ಲ, ಸಾಕು. ಈಗ ಇನ್ನೊಂದು ವಾಕ್ಯ ಸೇರಿಸು. ಯಾಕೆ ಅಂತ ಬರೆಯಬೇಡ. ಏನು ಕಂಡಿತು ಅಂತ ಬರೆ.”

ಕೇದಾರ ಕಣ್ಣು ಮುಚ್ಚಿದ. ಏನೂ ಕಾಣಲಿಲ್ಲ.

“ಬೆಟ್ಟ ನೀರು ಕುಡಿಯುವುದನ್ನು ನಾನು ನೋಡಿಲ್ಲ, ಗುರುಗಳೇ.”

“ಎಮ್ಮೆ ಕುಡಿಯುವುದನ್ನು?”

“ದಿನವೂ ಕುಡಿಯುತ್ತವೆ. ಗಮನಿಸಿಲ್ಲ.”

ಗುರುಗಳು ಹೊಳೆಯ ಕಡೆ ಕೈ ತೋರಿಸಿದರು.

ಅಂದು ಸಂಜೆ ಕೇದಾರ ದಂಡೆಯ ಮೇಲೆ ಕೂತು ಎಮ್ಮೆಗಳನ್ನು ನೋಡಿದ. ಒಂದು ಎಮ್ಮೆ ಮುಂಗಾಲು ಕೆಸರಿಗೆ ಊರಿ, ನೀರಿನ ಮೇಲೆ ಒಮ್ಮೆ ಉಸಿರು ಬಿಟ್ಟು, ಆಮೇಲೆ ಮೂತಿ ಇಟ್ಟಿತು. ಬೆನ್ನ ಮೇಲಿದ್ದ ಬೆಳ್ಳಕ್ಕಿ ಹಾರಲಿಲ್ಲ. ಎಮ್ಮೆ ಬಾಗಿದಷ್ಟು ತಾನೂ ಬಾಗಿ, ಅಲ್ಲೇ ಕೂತಿತ್ತು.

ಹೊಸ ಗರಿಯ ಮೇಲೆ ಮೊದಲ ವಾಕ್ಯವನ್ನೇ ಮತ್ತೆ ಬರೆದು, ಅದರ ಕೆಳಗೆ ಸೇರಿಸಿದ: ಅದು ಮುಂಗಾಲು ಊರಿ ಬಾಗಿತು, ನೆತ್ತಿಯ ಮರಗಳು ನೀರಿಗೆ ತಾಗಿದವು, ಗೂಡಿನ ಹಕ್ಕಿಗಳು ಏಳಲಿಲ್ಲ.

ಮರುದಿನ ಅದನ್ನು ಓದಿದಾಗ ತಿಪ್ಪವ್ವ ಒಗ್ಗರಣೆಗೆ ಸಾಸಿವೆ ಹಾಕುವವಳು ಚಮಚ ಹಿಡಿದೇ ಕೇಳಿದಳು.

“ಏಳಲಿಲ್ವಾ?” ಎಂದು ನಕ್ಕಳು.

“ಇಲ್ಲ ಅವ್ವ. ಯಾಕೆಂದರೆ,”

“ಬೇಡ ಬೇಡ. ಅಲ್ಲಿಗೇ ಬಿಡು. ಎಣ್ಣೆ ಸೀದುಹೋಗುತ್ತೆ.”

ಅವಳು ನಕ್ಕದ್ದು ಅವನ ಕಿವಿಯಲ್ಲಿ ಇಡೀ ದಿನ ಉಳಿಯಿತು.

ಹೀಗೆ ದಿನಕ್ಕೊಂದು ಗರಿ. ಹಳೆಯದನ್ನು ಮೊದಲಿಂದ ಬರೆಯಬೇಕು, ಕೊನೆಗೆ ಒಂದಿಷ್ಟು ಸೇರಿಸಬೇಕು. ಹಾಗೆ ತಿರುಗಿ ಬರೆಯುವಾಗ ನಿನ್ನೆ ಸರಿ ಕಂಡ ಮಾತು ಇಂದು ಭಾರವಾಗಿ ಕಾಣುತ್ತಿತ್ತು. ಅದನ್ನು ಅವನೇ ಬಿಡುತ್ತಿದ್ದ. ಯಾರೂ ಹೇಳಬೇಕಾಗಿರಲಿಲ್ಲ.

ಧೈರ್ಯ ಬಂತು. ಧೈರ್ಯದ ಜೊತೆಗೆ ದುರಾಸೆಯೂ ಬಂತು. ಒಂದು ದಿನ ಅವನು ನದಿಯಿಂದ ಚಿನ್ನದ ಮೊಸಳೆ ಎಬ್ಬಿಸಿದ, ಮೋಡದಿಂದ ರಥ ಇಳಿಸಿದ, ರಥದೊಳಗೆ ಮೂರು ತಲೆಯ ರಾಣಿಯನ್ನು ಕೂರಿಸಿದ.

ಗುರುಗಳು ಓದಿ ಕೇಳಿದರು: “ಬೆಟ್ಟ ಎಲ್ಲಿ ಹೋಯಿತು?”

“ಹಿಂದೆ ನಿಂತಿದೆ, ಗುರುಗಳೇ.”

“ರಾಣಿ ಬಂದಳು ಅಂತ ಹಿಂದೆ ಸರಿಯಿತೋ?”

ಕೇದಾರ ಗರಿಯನ್ನು ಹಿಂದಕ್ಕೆ ತೆಗೆದುಕೊಂಡ.

“ಒಂದು ಸುಳ್ಳು ಹೇಳಿದೆ, ಅವಳು ಪ್ರೀತಿಯಿಂದ ನಂಬಿದಳು. ಆ ಒಂದನ್ನು ನೋಡಿಕೊಳ್ಳಯ್ಯ. ಉಳಿದದ್ದೆಲ್ಲ ನಿಜ ಹೇಳು.”

ಮೊಸಳೆ ಹೋಯಿತು. ರಥ ಹೋಯಿತು. ರಾಣಿಯನ್ನು ಕಳಿಸಲು ಮಾತ್ರ ಅವನಿಗೆ ಸ್ವಲ್ಪ ಸಂಕಟವಾಯಿತು. ಬದಲಿಗೆ, ಬೆಟ್ಟದ ಗಂಟಲಲ್ಲಿ ನೀರು ಇಳಿಯುವ ಸದ್ದು ಬರೆದ. ಅಷ್ಟು ಕುಡಿದರೂ ಹೊಳೆ ಒಂದು ಗೇಣು ಮಾತ್ರ ಇಳಿಯಿತು ಎಂದು ಬರೆದ.

ಹುಣ್ಣಿಮೆಯ ಹಿಂದಿನ ದಿನ ಎಲ್ಲವನ್ನೂ ತಿಪ್ಪವ್ವನಿಗೆ ಓದಿ ಹೇಳಿದ. ಅವಳು ಸೀರೆಗಳನ್ನು ಗಂಟು ಕಟ್ಟುತ್ತಿದ್ದಳು. ಪೂರ್ತಿ ಕೇಳಿದಳು.

“ಚೆನ್ನಾಗಿದೆ ತಮ್ಮಾ,” ಎಂದು ಗಂಟಿನ ಕಡೆ ತಿರುಗಿದಳು.

ಕೇದಾರನ ಮುಖ ಬಾಡಿತು. ಗುರುಗಳ ಬಳಿ ಬಂದು ಕೂತ.

“ಏನೆಂದಳು?”

“ಚೆನ್ನಾಗಿದೆ ಅಂದಳು.”

“ಅಯ್ಯೋ ಪಾಪ.”

“ನಾಳೆ ಬೆಳಿಗ್ಗೆ ದೋಣಿ, ಗುರುಗಳೇ. ಕೊನೆಗೂ ಅವಳನ್ನು ಬರಿಗೈಯಲ್ಲಿ ಕಳಿಸುವ ಹಾಗಾಯಿತು. ಎಲ್ಲಿ ತಪ್ಪಿದೆನೋ ತಿಳಿಯುತ್ತಿಲ್ಲ. ಶಾಪ ತೆಗೆದೆ. ಮೊಸಳೆ ತೆಗೆದೆ. ಇನ್ನು ತೆಗೆಯುವುದಕ್ಕೂ ಏನೂ ಉಳಿದಿಲ್ಲ.”

ಗುರುಗಳು ಅವನ ಕೈಯ ಗರಿಯ ಮೇಲೆ ಕಣ್ಣು ಹಾಯಿಸಿದರು.

“ಬೆಟ್ಟ ನೀರು ಕುಡಿಯುವಾಗ ದಂಡೆಯ ಮೇಲೆ ಯಾರಿದ್ದರು?”

“ಯಾರೂ ಇರಲಿಲ್ಲ.”

“ನೀನು ಇಲ್ಲಿಗೆ ಬಂದ ದಿನ ಬಾಗಿಲಲ್ಲಿ ಯಾರಿದ್ದರು?”

“ತಿಪ್ಪವ್ವ.”

“ಏನು ಕೇಳಿದಳು?”

“ಏನೂ ಕೇಳಲಿಲ್ಲ. ನಾನೇ ಹೇಳತೊಡಗಿದ್ದೆ. ಯಾವ ಊರು, ಯಾರ ಮಗ, ಯಾಕೆ ಬಂದೆ, ಬುತ್ತಿ ದಾರಿಯಲ್ಲೇ ಯಾಕೆ ಮುಗಿಯಿತು ಅಂತ. ಅವಳು ಕೇಳಿಸಿಕೊಳ್ಳಲೇ ಇಲ್ಲ. ಒಳಗೆ ಹೋಗಿ ಎಲೆ ಹಾಕಿ...”

ಕೇದಾರನ ಮಾತು ಅಲ್ಲಿಗೇ ನಿಂತಿತು.

ಗುರುಗಳು ಎದ್ದು ತಮ್ಮ ಕೆಲಸಕ್ಕೆ ಹೋದರು.

ಬೆಳಕು ಹರಿಯುವಾಗ ಅವನು ಹೊಸ ಗರಿ ತೆಗೆದುಕೊಂಡು ಮೊದಲಿಂದ ಬರೆದ. ಕೊನೆಗೆ ಸೇರಿಸಬೇಕಾದದ್ದನ್ನು ಸೇರಿಸಿದ. ಅದರ ಕೆಳಗೆ ಇನ್ನೂ ಒಂದು ಸಾಲಿಗೆ ಜಾಗವಿತ್ತು. ಕಥೆಯೊಳಗೆ ಹೊಸದಾಗಿ ಬಂದವಳು ಯಾರೆಂದು ಬರೆದುಬಿಡಲು ಕೈ ತುಡಿಯಿತು. ಕಂಟವನ್ನು ಕೆಳಗಿಟ್ಟು, ಗರಿಗೆ ಮಸಿ ಸವರಿ, ಒರೆಸಿದ. ಗೀರಿದ ಅಕ್ಷರಗಳು ಕಪ್ಪಗೆ ಎದ್ದು ಕಂಡವು.

ದೋಣಿ ಕಾಯುತ್ತಿತ್ತು. ತಿಪ್ಪವ್ವ ಗಂಟು ಪಕ್ಕಕ್ಕಿಟ್ಟುಕೊಂಡು ದಂಡೆಯ ಕಲ್ಲಿನ ಮೇಲೆ ಕೂತಿದ್ದಳು. ಗುರುಗಳೂ ಬಂದು ನಿಂತಿದ್ದರು.

“ಅವ್ವ, ಇನ್ನೊಂದು ಸಲ ಕೇಳುತ್ತೀಯಾ?”

“ಓದು. ಅಂಬಿಗ ನಿಂತಿರ್ತಾನೆ.”

ಕೇದಾರ ಓದಿದ.

“ಒಂದು ಸಂಜೆ ಬೆಟ್ಟ ಎದ್ದು ನದಿಗೆ ನೀರು ಕುಡಿಯಲು ಬಂತು. ದಂಡೆಯಲ್ಲಿ ಪಾತ್ರೆ ತಿಕ್ಕುತ್ತಿದ್ದ ಮುದುಕಿ ತಲೆ ಎತ್ತಿ ನೋಡಿದಳು. ಏನೂ ಕೇಳಲಿಲ್ಲ. ಪಾತ್ರೆಗಳನ್ನು ಒಂದು ಪಕ್ಕಕ್ಕೆ ಸರಿಸಿ ಜಾಗ ಮಾಡಿದಳು. ಬೆಟ್ಟ ಮುಂಗಾಲು ಊರಿ ಬಾಗಿತು. ನೆತ್ತಿಯ ಮರಗಳು ನೀರಿಗೆ ತಾಗಿದವು. ಗೂಡಿನ ಹಕ್ಕಿಗಳು ಏಳಲಿಲ್ಲ. ಅದು ಕುಡಿಯಿತು. ಹೊಳೆ ಒಂದು ಗೇಣು ಇಳಿಯಿತು. ಮುದುಕಿ ತನ್ನ ಪಾತ್ರೆ ತಿಕ್ಕುತ್ತ ಅಲ್ಲೇ ಕೂತಿದ್ದಳು, ಅದು ಕುಡಿದು ಮುಗಿಸುವವರೆಗೆ.”

ತಿಪ್ಪವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಹೊಗೆಯ ಕಣ್ಣು ಅದು, ಸುಮ್ಮನಿದ್ದರೂ ನೀರು ಬರುತ್ತಿತ್ತು.

“ಆ ಮುದುಕಿ ಯಾರೋ ಒಳ್ಳೆಯವಳು ಕಣೋ ತಮ್ಮಾ.”

ಕೇದಾರ ಬಾಯಿ ತೆರೆದ. ಹೇಳಬೇಕಾದದ್ದೆಲ್ಲ ನಾಲಿಗೆಯ ತುದಿಗೆ ಬಂದಿತ್ತು.

“ಹೌದು ಅವ್ವ,” ಎಂದಷ್ಟೇ ಹೇಳಿ, ಅವಳ ಕಾಲು ಮುಟ್ಟಿ ನಮಸ್ಕರಿಸಿದ.

ಅವಳು ಅವನ ತಲೆ ಸವರಿದಳು. “ಹೊಟ್ಟೆ ತುಂಬ ಉಣ್ಣು. ಬಡಿಸೋರು ಹೊಸಬರು ಅಂತ ನಾಚ್ಕೋಬೇಡ.”

ಗರಿ ಚಾಚಿದರೆ ತೆಗೆದುಕೊಳ್ಳಲಿಲ್ಲ. “ನನಗೆಲ್ಲಿ ಓದು ಬರುತ್ತೆ? ಕೇಳಿದ್ದೀನಲ್ಲ. ಬರ್ತೀನಿ ಅಯ್ಯನವರೇ,” ಎಂದು ಗುರುಗಳಿಗೆ ಕೈ ಮುಗಿದು ದೋಣಿ ಹತ್ತಿದಳು.

ದೋಣಿ ಹೊರಟಿತು. ಅವನೂ ಗುರುಗಳೂ ನೋಡುತ್ತ ನಿಂತರು. ಗಾಳಿ ಈ ಕಡೆಗೆ ಬೀಸುತ್ತಿತ್ತು. ನೀರಿನ ಮೇಲಿಂದ ತಿಪ್ಪವ್ವನ ಮಾತು ಸ್ಪಷ್ಟವಾಗಿ ಕೇಳುತ್ತಿತ್ತು.

“ಅಂಬಿಗಪ್ಪ, ಒಂದು ಸಂಜೆ ಏನಾಯ್ತು ಗೊತ್ತಾ? ಬೆಟ್ಟವೇ ಎದ್ದು ನೀರಿಗೆ ಬಂತು.”

“ಬೆಟ್ಟವಾ?” ಅಂಬಿಗ ಹುಟ್ಟು ಹಾಕುವುದನ್ನು ನಿಲ್ಲಿಸಿದ.

“ಹೂಂ. ದಂಡೇಲಿ ಒಬ್ಬ ಮುದುಕಿ ಪಾತ್ರೆ ತಿಕ್ತಾ ಇದ್ಲು. ಸರಿದು ಜಾಗ ಮಾಡಿದ್ಲು. ಆಮೇಲೆ, ಅಷ್ಟು ದೂರದಿಂದ ಬಂದಿದೆ, ಬರೀ ನೀರು ಕೊಟ್ಟು ಹೇಗೆ ಕಳಿಸೋದು ಅಂತ, ತೊಳೆದಿಟ್ಟ ಕೊಳಗದ ತುಂಬ ಮಜ್ಜಿಗೆ ತಂದು ಇಟ್ಟಳು. ಉಪ್ಪು ಹಾಕಿ.”

“ಕುಡೀತಾ?”

“ಕುಡೀದೆ ಏನು? ಕುಡಿದು, ಮೂತಿ ನೆಕ್ಕಿಕೊಂಡು ಹೋಯ್ತು.”

ಕೇದಾರ ಗಾಬರಿಯಿಂದ ಗುರುಗಳ ಕಡೆ ತಿರುಗಿದ.

“ಗುರುಗಳೇ, ಮಜ್ಜಿಗೆ ನಾನು ಬರೆದಿಲ್ಲ.”

“ಇಲ್ಲ.”

“ಕೂಗಿ ಹೇಳಲೇ? ಇನ್ನೂ ಕೇಳಿಸುವಷ್ಟು ಹತ್ತಿರದಲ್ಲಿದ್ದಾಳೆ.”

ಗುರುಗಳು ಅವನ ಕೈಯಿಂದ ಗರಿ ತೆಗೆದುಕೊಂಡು, ಕಣ್ಣ ಹತ್ತಿರ ಹಿಡಿದು, ಮೊದಲಿಂದ ಕೊನೆಯವರೆಗೆ ಓದಿದರು. ಓದಿ ಮುಗಿಸಿ, ತಮ್ಮ ಹೆಗಲ ವಸ್ತ್ರದ ಮಡಿಕೆಯಲ್ಲಿ ಜೋಪಾನವಾಗಿ ಸೇರಿಸಿಕೊಂಡರು.

“ಹೋಗಿ ಹೊಸ ಗರಿ ತಾ, ಕೇದಾರ. ಮಜ್ಜಿಗೆ ಬಿಟ್ಟುಹೋಗಿದೆ.”