ಕೆಂಪು ನೀರಿನ ಕೊಡ

"ಗುರುಗಳೇ, ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿದೆ. ಮಳೆ ತನ್ನ ಕಾಲವನ್ನೇ ಮರೆತಿದೆ. ಇದು ನಾವೇ ಮಾಡಿಕೊಂಡದ್ದು ಎಂದರೆ ಓದಿದವರೂ ಒಪ್ಪುವುದಿಲ್ಲ. ತಿಳಿಯದವರಿಗೆ ತಿಳಿಸುವುದು ಹೇಗೆ?" ಎಂದು ಶಿಷ್ಯ ಕೇಳಿದ.

ತಿಳಿಯದವರು ಎಂಬ ಮಾತಿಗೆ ಗುರುಗಳಿಗೆ ಸಿಟ್ಟು ಬಂತು. ಕೂರು ಎಂದು ಹೇಳಿ ಈ ಕತೆ ಹೇಳಿದರು.

ಒಂದೂರಿನ ಕೆರೆಯನ್ನು ಒಬ್ಬ ನೀರಗಂಟಿ ಕಾಯುತ್ತಿದ್ದ. ಏರಿಯ ಕೆಳಗೆ ಅವನದೂ ಸೇರಿ ನಲವತ್ತು ಮನೆಗಳಿದ್ದವು. ಇಟ್ಟಿಗೆ ಗೂಡಿನ ಯಜಮಾನನ ಮನೆ ಮಾತ್ರ ದಿಬ್ಬದ ಮೇಲಿತ್ತು. ಅವನು ಏರಿಯ ಮಣ್ಣನ್ನೇ ಅಗೆಸಿ ಇಟ್ಟಿಗೆ ಸುಡಿಸುತ್ತಿದ್ದ. ಊರಿನ ಅರ್ಧ ಜನಕ್ಕೆ ಅಲ್ಲೇ ಕೂಲಿ. ಯಾರೂ ತುಟಿ ಬಿಚ್ಚಲಿಲ್ಲ.

ಒಂದು ಮಳೆಗಾಲ ಏರಿಯ ಬುಡದಲ್ಲಿ ನೀರು ಜಿನುಗಿತು. ತಿಳಿನೀರು ಜಿನುಗಿದರೆ ಏರಿಯ ಬೆವರು, ಕೆಂಪುನೀರು ಜಿನುಗಿದರೆ ಏರಿಯ ಕರುಳು ಎಂಬುದು ನೀರಗಂಟಿಗಳ ಮಾತು. ಬಂದದ್ದು ಕೆಂಪುನೀರು. ಅವನು ಅದನ್ನು ಕೊಡದಲ್ಲಿ ತುಂಬಿ ತಂದು ಪಂಚಾಯಿತಿ ಕಟ್ಟೆಯ ಮೇಲಿಟ್ಟ.

"ಏರಿ ಒಳಗೊಳಗೇ ಕರಗ್ತಾ ಐತೆ ಸ್ವಾಮಿ. ಮಣ್ಣು ತೆಗೆಯೋದು ಇವತ್ತೇ ನಿಲ್ಲಿಸಿ, ತೂಬು ಎತ್ತಿ ನೀರು ಇಳಿಸೋಣ" ಎಂದ.

ಯಜಮಾನ ಕೊಡದೊಳಗೆ ಇಣುಕಿದ. ಅವಸರವೇಕೆ, ನಾಳೆ ಎಲ್ಲರೂ ಸೇರಿ ನೋಡೋಣ, ಅಲ್ಲಿಯತನಕ ಕೊಡವನ್ನು ಯಾರೂ ಮುಟ್ಟಬೇಡಿ ಎಂದ. ಮರುದಿನ ಜನ ನೆರೆದಾಗ ಎರಡೂ ಕೈಯಲ್ಲಿ ಕೊಡ ಹಿಡಿದು, ಮೆಲ್ಲಗೆ ಬಗ್ಗಿಸಿ, ಲೋಟಕ್ಕೆ ಮೇಲಿನ ನೀರು ಬಸಿದ. ಎಲ್ಲರಿಗೂ ತೋರಿಸಿ ಕುಡಿದ.

"ನೋಡ್ರಪ್ಪ, ಎಳನೀರಿದ್ದಂಗೈತೆ. ಇವನ ಕಣ್ಣೇ ಕೆಂಪಾಗಿರ್ಬೇಕು."

ಜನ ನಕ್ಕರು. ಕೊಡ ಅಲ್ಲಾಡಿಸಿ ನೋಡಿ ಎಂದು ನೀರಗಂಟಿ ಗೋಗರೆದ. ಯಾರೂ ಏಳಲಿಲ್ಲ. ತಾನೇ ಅಲ್ಲಾಡಿಸಲು ಹೋದಾಗ ನಾಲ್ಕು ಜನ ಅವನ ಕೈ ಹಿಡಿದರು. ಹಿಡಿದವರೆಲ್ಲ ಏರಿಯ ಕೆಳಗಿನ ಮನೆಯವರೇ. ಆ ಹೊತ್ತಿಗೇ ಅವನನ್ನು ಕೆಲಸದಿಂದ ಬಿಡಿಸಿ, ತೂಬಿಗೆ ಕಾವಲು ಹಾಕಿದರು.

ಅವನು ಒಬ್ಬನೇ ಮಂಕರಿಯಲ್ಲಿ ಮಣ್ಣು ಹೊತ್ತು ಏರಿಗೆ ಹಾಕಿದ. ಮೂರನೆಯ ದಿನ ಏರಿ ಒಡೆಯಿತು. ನಲವತ್ತು ಮನೆಗಳಲ್ಲಿ ಒಂದೂ ಉಳಿಯಲಿಲ್ಲ. ನೀರಗಂಟಿಯ ಹೆಣವೂ ಸಿಗಲಿಲ್ಲ. ಯಜಮಾನ ದಿಬ್ಬದ ಮೇಲೆ ನಿಂತು, ಹೀಗಾಗುತ್ತದೆಂದು ಯಾರಿಗೆ ಗೊತ್ತಿತ್ತು ಎಂದು ಅತ್ತ. ಬೆಂಕಿ ಬೀಳಲಿ ಆ ಕಣ್ಣೀರಿಗೆ.

ಗುರುಗಳು ಕತೆ ಮುಗಿಸಿದರು. ಪಾಪ, ಯಜಮಾನನಿಗೆ ನಿಜವಾಗಿಯೂ ಗೊತ್ತಿರಲಿಲ್ಲವೇನೋ ಎಂದು ಶಿಷ್ಯ ತಡವರಿಸಿದ.

"ತಳದಲ್ಲಿ ಮಣ್ಣಿದೆಯೆಂದು ಗೊತ್ತಿಲ್ಲದವನು ಕೊಡವನ್ನು ಅಷ್ಟು ಮೆಲ್ಲಗೆ ಬಗ್ಗಿಸುತ್ತಾನೆಯೇ?"