ಅಗಸೆ ಕಡ ತಂದ ನೀಲಿ

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲವದು. ಬೆಟ್ಟಗಳ ಮಣ್ಣು ಆರಿರಲಿಲ್ಲ. ಆಕಾಶವೂ ಈಗಿನಷ್ಟು ಮೇಲೆ ಹೋಗಿರಲಿಲ್ಲ. ಹಿತ್ತಲಲ್ಲಿ ನಿಂತು ಕರೆದರೆ ಸಾಕು, ಪಕ್ಕದ ಮನೆಯ ಅಕ್ಕನ ಹಾಗೆ ಬಗ್ಗಿ ಮಾತಾಡುತ್ತಿತ್ತು.

ಆ ಹಿತ್ತಲು ತಂಗೆವ್ವ ಎಂಬ ಮುದುಕಿಯದು. ಲೋಕದಲ್ಲಿದ್ದ ಅಗಸೆ ಬೀಜವೆಲ್ಲ ಅವಳ ಒಂದು ಹಿಡಿಯೊಳಗೇ ಇತ್ತು. ಅಷ್ಟನ್ನೂ ಕರಿಮಣ್ಣಿಗೆ ಚೆಲ್ಲಿ, ಮೇಲೆ ತೆಳ್ಳಗೆ ಮಣ್ಣೆಳೆದಳು.

"ಹುಟ್ಟದ ಎಲ್ಲಿ ಹೋಗ್ತಾವ?" ಅಂದಳು.

ಹುಟ್ಟಿದವು. ತೆಳ್ಳನೆಯ ಕಾಂಡ, ಸಣ್ಣ ಎಲೆ, ತುದಿಯಲ್ಲಿ ಮೊಗ್ಗು. ಆದರೆ ಹೂವು ಅರಳಿದಾಗ ಅದಕ್ಕೆ ತನ್ನದೇ ಆದ ಬಣ್ಣವೇ ಇರಲಿಲ್ಲ. ಎಲೆಗಳ ನಡುವೆ ಎಲೆಯ ಹಾಗೇ ಹಸಿರಾಗಿತ್ತು. ಜೇನುಹುಳ ಬಂದವು, ಗುಂಯ್ಯೆಂದು ಸುತ್ತಿದವು, ಹೂವು ಕಾಣದೆ ಹೋದವು.

ಜೇನು ಕೂರದಿದ್ದರೆ ಕಾಳು ಕಟ್ಟುವುದಿಲ್ಲ. ಕಾಳು ಕಟ್ಟದಿದ್ದರೆ ಅಗಸೆಯ ವಂಶ ಅಲ್ಲಿಗೇ ಮುಗಿಯಿತು. ಆದರೂ ಕೈಚೆಲ್ಲಿ ಕೂರುವ ಮುದುಕಿ ಅಲ್ಲ ತಂಗೆವ್ವ.

ಬೆಳಕು ಹರಿಯುವಾಗ ಪುಟ್ಟ ಹೂಬಟ್ಟಲುಗಳನ್ನು ಮೇಲಕ್ಕೆ ತಿರುಗಿಸಿ ಕರೆದಳು. "ಆಕಾಶಕ್ಕಾ, ಒಂದೀಟು ನೀಲಿ ಕಡ ಕೊಡವ್ವಾ."

"ಒಲ್ಲೆವ್ವಾ," ಅಂದಿತು ಆಕಾಶ. "ನವಿಲು ಒಯ್ತು, ತಿರುಗಿ ಕೊಡಲಿಲ್ಲ. ಮಿಂಚುಳ್ಳಿ ಒಯ್ತು, ಮತ್ತ ಮುಖಾನ ತೋರಿಸಲಿಲ್ಲ. ಎಲ್ಲಾರಿಗೂ ಹಂಚಿ ನಾ ಏನು ಉಟ್ಕೊಳ್ಳಲಿ?"

"ಮುಂಜಾನೆ ನೀ ಉಡೋದು ಕೆಂಪು. ನೀಲಿ ಪೆಟ್ಟಿಗ್ಯಾಗ ಸುಮ್ಮನ ಬಿದ್ದಿರ್ತೈತಿ. ಹೊತ್ತು ನೆತ್ತಿಗೆ ಬರೋದ್ರೊಳಗ ನಿನ್ನ ನೀಲಿ ನಿನಗ. ತಂಗೆವ್ವ ಮಾತು ಕೊಟ್ಲಂದ್ರ ಕೊಟ್ಲು."

ಆಕಾಶಕ್ಕೆ ನಗು ಬಂತು. ಬಟ್ಟಲು ಬಟ್ಟಲಿಗೂ ನೀಲಿ ಸುರಿಯಿತು. ಹಿತ್ತಲಿಗೆ ಹಿತ್ತಲೇ ನೀಲಿಯಾಯಿತು.

ಆದರೆ ಜೇನುಗಳು ಚಳಿ ಬಿಟ್ಟು ಬರುವಷ್ಟರಲ್ಲಿ ಹೊತ್ತೇರಿತ್ತು. ಅಲ್ಲೊಂದು ಇಲ್ಲೊಂದು ಹೂವಿನ ಮೇಲೆ ಕೂತಿದ್ದವು, ಅಷ್ಟೇ.

"ಅವ್ವಾ, ಜೇನು ಈಗ ಬರಾಕತ್ತಾವ," ಎಂದು ಗಿಡ ಗೋಗರೆಯಿತು. "ಇನ್ನೊಂದು ದಿನ ಇಟ್ಕೊಳ್ಳೋಣು."

ತಂಗೆವ್ವನಿಗೂ ಆಸೆಯಾಯಿತು. ಸಂಕಟವೂ ಆಯಿತು. ತಲೆಯೆತ್ತಿದರೆ ಆಕಾಶ ಬಿಳಿಚಿಕೊಂಡು ಕಾಯುತ್ತಿತ್ತು.

"ಬ್ಯಾಡ, ಮಗಳ. ಅಕ್ಕ ನಮ್ಮನ್ನ ನಂಬಿ ಕುಂತಾಳ. ಕೊಟ್ಟುಬಿಡು."

ಗಿಡ ಮೈ ಕೊಡವಿತು. ಎಸಳು ಪಟಪಟನೆ ಉದುರಿದವು. ನೀಲಿ ಗಾಳಿಯನ್ನೇರಿ ಮೇಲೆ ಹೋಯಿತು. ಬೋಳು ಗಿಡವನ್ನು ನೋಡಿ ತಂಗೆವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಕಾಶ ನೀಲಿಯನ್ನು ಉಟ್ಟು, ಹಿಂದೆ ಮುಂದೆ ನೋಡಿಕೊಂಡಿತು. ಒಂದು ಚೂರೂ ಕಡಿಮೆಯಿರಲಿಲ್ಲ. ಒಯ್ದದ್ದನ್ನು ಹಿಂದಕ್ಕೆ ಕೊಟ್ಟವರಲ್ಲಿ ಇವರೇ ಮೊದಲು. ಕೆಳಗೆ ನೋಡಿದರೆ ಗಿಡದ ಮೇಲೆ ಹೂಬಟ್ಟಲುಗಳು ಬರಿದಾಗಿ ನಿಂತಿದ್ದವು.

"ನೆರೆಮನಿ ಬಟ್ಟಲಾ ಬರಿದು ಹೆಂಗ ಕಳಿಸಲಿ, ತಂಗೆವ್ವಾ?" ಎಂದು ಬಗ್ಗಿ, ಒಂದೊಂದರಲ್ಲೂ ಮಿರಿಮಿರಿ ಮಿಂಚುವ ಕಾಳು ತುಂಬಿ, ಚೆಲ್ಲದ ಹಾಗೆ ಬಾಯಿ ಮುಚ್ಚಿತು. "ನಾಳೆ ಮುಂಜಾನೆ ಮತ್ತ ಬಾ. ನಿನಗ ಇಲ್ಲ ಅನ್ನಾಂಗಿಲ್ಲ."

ಅಂದಿನಿಂದ ಅಗಸೆ ದಿನಾ ಬೆಳಿಗ್ಗೆ ಹೊಸ ನೀಲಿ ಹೂವು ಬಿಡುತ್ತದೆ, ಮಧ್ಯಾಹ್ನದ ಹೊತ್ತಿಗೆ ಉದುರಿಸುತ್ತದೆ. ನೀವು ಹಾಕಿದ ಗಿಡ ಬೋಳಾಗಿ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ. ಮೇಲೆ ನೋಡಿ, ನೀಲಿ ತನ್ನ ಮನೆ ಸೇರಿದೆ. ಕೆಳಗೆ ನೋಡಿ, ಬಾಯಿ ಮುಚ್ಚಿದ ದುಂಡು ಕಾಯೊಳಗೆ ಆಕಾಶ ತುಂಬಿ ಕಳಿಸಿದ ಕಾಳಿದೆ.